ತಿಂಗಳಿಡೀ ದುಡಿದು ಕೊಟ್ಟ ಸಾಲ: ಕಂಪನಿಯನ್ನು ನೌಕರ ಎಷ್ಟು ನಂಬಬಹುದು?

2025ರಲ್ಲಿ ಉದ್ಯೋಗದ ಬಗ್ಗೆ ಬಂದ ಮೂರು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಫೆಬ್ರುವರಿಯಲ್ಲಿ ಇನ್ಫೊಸಿಸ್ ತನ್ನ ಮೈಸೂರು ಕ್ಯಾಂಪಸ್‌ನಲ್ಲಿ ತರಬೇತಿ ಪಡೆಯುತ್ತಿದ್ದ ಮುನ್ನೂರಕ್ಕೂ ಹೆಚ್ಚು ಯುವಕ ಯುವತಿಯರನ್ನು ಮನೆಗೆ ಕಳಿಸಿತು. ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿತ ಮಾಡುವುದಾಗಿ ಹೇಳಿತು. ನವೆಂಬರ್ 21ರಂದು ಕೇಂದ್ರ ಸರ್ಕಾರ 29 ಹಳೆಯ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ದುಡಿಯುವವರಿಗೆ ಹಿಂದೆಂದೂ ಇಲ್ಲದ ಭದ್ರತೆ ಸಿಕ್ಕಿತು ಎಂದು ಸರ್ಕಾರ ಹೇಳಿದರೆ, ಕೈಯಲ್ಲಿದ್ದ ಭದ್ರತೆಯೂ ಹೋಯಿತು ಎಂದು ಕಾರ್ಮಿಕ ಸಂಘಟನೆಗಳು ಹೇಳಿದವು.

ಮಗನಿಗೋ ಮಗಳಿಗೋ ಟಿಸಿಎಸ್‌ನಲ್ಲಿ ಕೆಲಸ ಸಿಕ್ಕಿದರೆ ಸರ್ಕಾರಿ ನೌಕರಿ ಸಿಕ್ಕಷ್ಟೇ ನೆಮ್ಮದಿ ಎಂದುಕೊಳ್ಳುತ್ತಿದ್ದ ಮನೆಗಳಲ್ಲಿ ಈಗ ಬೇರೆಯೇ ಪ್ರಶ್ನೆ ಎದ್ದಿದೆ. ಕೆಲಸ ಕೊಟ್ಟವರನ್ನು ನಂಬಬೇಕೋ ಬೇಡವೋ?

ಋಣ ಯಾರದು?

ಸಂಬಳ ಕೊಡುವವರ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಅನ್ನದ ಋಣದ ಮಾತೂ ಬರುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹಿರಿಯರು ಕಿವಿಮಾತು ಹೇಳಿ ಕಳಿಸುತ್ತಾರೆ. ಈ ಮಾತಿನಲ್ಲಿ ಋಣಿ ಯಾವಾಗಲೂ ನೌಕರನೇ.

ಲೆಕ್ಕ ಹಾಕಿದರೆ ಚಿತ್ರ ತಿರುಗುಮುರುಗಾಗುತ್ತದೆ. ಒಂದನೇ ತಾರೀಕು ಮಾಡಿದ ಕೆಲಸದ ಸಂಬಳ ಕೈಗೆ ಬರುವುದು ತಿಂಗಳು ಮುಗಿದ ಮೇಲೆ. ಅಲ್ಲಿಯ ತನಕ ಕಂಪನಿ ಆ ದುಡಿಮೆಯನ್ನು ಉದ್ರಿಯಲ್ಲಿ ಪಡೆದಿರುತ್ತದೆ. ಪಿಎಫ್‌ಗೆಂದು ಸಂಬಳದಲ್ಲಿ ಹಿಡಿದ ಹಣ ಇನ್ನೂ ಹದಿನೈದು ದಿನ ಅದರ ಬಳಿಯೇ ಇರಬಹುದು. ಗ್ರಾಚ್ಯುಟಿಯದು, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕೊಡುವ ಇಡುಗಂಟಿನದು, ವರ್ಷಗಟ್ಟಲೆಯ ಬಾಕಿ. ಬಡ್ತಿ ಕೊಡುತ್ತೇವೆ, ಮುಂದಿನ ಸಲ ಒಳ್ಳೆಯ ಹೈಕ್ ಕೊಡುತ್ತೇವೆ ಎಂಬ ಮಾತುಗಳಿಗೆ ಗಡುವೂ ಇಲ್ಲ, ಪತ್ರವೂ ಇಲ್ಲ.

ನೌಕರ ಸಾಲ ಕೊಟ್ಟವನು, ಕಂಪನಿ ಸಾಲ ಪಡೆದದ್ದು. ದಿವಾಳಿ ಕಾನೂನು ಕೂಡ ಹೀಗೇ ನೋಡುತ್ತದೆ. ಕಂಪನಿ ಮುಳುಗಿ ಆಸ್ತಿ ಹಂಚುವಾಗ ಕಾರ್ಮಿಕರ ಕೊನೆಯ 24 ತಿಂಗಳ ಬಾಕಿಗೆ, ಅಡಮಾನ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕಿನ ಜತೆ ಸಮಾನ ಸ್ಥಾನವಿದೆ. ಕಾರ್ಮಿಕ ಎಂಬ ವ್ಯಾಖ್ಯೆಗೆ ಬಾರದ ಇತರ ನೌಕರರಿಗೆ 12 ತಿಂಗಳ ಬಾಕಿ ಮಾತ್ರ, ಅದೂ ಬ್ಯಾಂಕಿನ ನಂತರದ ಸಾಲಿನಲ್ಲಿ.

ಆದ್ದರಿಂದ ನಂಬಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೊದಲೇ ನೌಕರ ನಂಬಿಯಾಗಿದೆ. ಪ್ರತಿ ತಿಂಗಳೂ ನಂಬುತ್ತಲೇ ಇದ್ದಾನೆ. ಆ ನಂಬಿಕೆಯಲ್ಲಿ ಎಷ್ಟು ಪಾಲಿಗೆ ಜಾಮೀನಿದೆ, ಎಷ್ಟು ಪಾಲು ಬರೀ ಬಾಯಿಮಾತು ಎಂಬುದನ್ನು ಬಿಡಿಸಿ ನೋಡಬೇಕು.

ಒಂದು ತಿಂಗಳ ಉದ್ರಿ

ಎಲ್ಲಕ್ಕಿಂತ ಗಟ್ಟಿಯಾಗಿರಬೇಕಾದ ಭರವಸೆ ಸಂಬಳದ್ದು. ಅದೂ ಮುರಿದಾಗ ಏನಾಗುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ ನೋಡಿದೆ. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಗಲಭೆಯ ಚಿತ್ರಗಳು ಆ ದಿನವೇ ಎಲ್ಲೆಡೆ ಹರಿದಾಡಿದವು. ಕಾರಣ ಹೊರಬರಲು ಒಂದು ವಾರ ಹಿಡಿಯಿತು. ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಕೆಲವರಿಗೆ ಸಂಬಳ ತಡವಾಗಿದೆ ಎಂದು ಆ್ಯಪಲ್ ತನ್ನ ತಪಾಸಣೆಯ ನಂತರ ತಿಳಿಸಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಮಂದಿ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಕಾಯ್ದೆಯಲ್ಲೇ ಇತ್ತು. ಆದರೂ ಸಂಬಳ ಯಾಕೆ ಕಡಿಮೆ ಬಂತು ಎಂದು ಕೇಳಲು ಹೋದವನಿಗೆ ಏಜೆನ್ಸಿ ಕಾರ್ಖಾನೆಯತ್ತಲೂ ಕಾರ್ಖಾನೆ ಏಜೆನ್ಸಿಯತ್ತಲೂ ಕೈ ತೋರಿಸುವುದು ಗುತ್ತಿಗೆ ಪದ್ಧತಿಯಲ್ಲಿ ಮಾಮೂಲು. ಹಕ್ಕು ಕಾಗದದಲ್ಲಿದ್ದು, ಕೇಳುವ ಬಾಗಿಲೇ ಗೊತ್ತಾಗದಿದ್ದರೆ ಸಿಟ್ಟು ಬೇರೆ ದಾರಿ ಹುಡುಕುತ್ತದೆ. ಕಲ್ಲು ತೂರಿದ್ದು ಸರಿ ಎಂದು ಇಲ್ಲಿ ವಾದಿಸುತ್ತಿಲ್ಲ. ಅದಕ್ಕೆ ಮೊದಲು ಎರಡು ತಿಂಗಳು ನಡೆದದ್ದೂ ಅಷ್ಟೇ ಗಂಭೀರ ತಪ್ಪು.

ಸದ್ದಿಲ್ಲದೆ ಮುರಿದ ಭರವಸೆಯೂ ಇದೆ. ಕರ್ನಾಟಕದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಒಂದೂವರೆ ವರ್ಷ ದಾಟಿದರೂ ಸಿಗಲಿಲ್ಲ. ಇವರಲ್ಲಿ ಹೆಚ್ಚಿನವರು ಮಹಿಳೆಯರು. ನ್ಯಾಯಾಲಯ, ಸಂಘಟನೆಗಳು, ವಿದೇಶಿ ಬ್ರ್ಯಾಂಡ್‌ಗಳ ಒತ್ತಡ ಎಲ್ಲ ಸೇರಿದ ಮೇಲಷ್ಟೇ ಬಾಕಿ ಬರತೊಡಗಿತು. 417 ರೂಪಾಯಿ ಚಿಕ್ಕ ಮೊತ್ತ ಎನಿಸಬಹುದು. ಅದನ್ನು ನಾಲ್ಕು ಲಕ್ಷದಿಂದ ಗುಣಿಸಿದರೆ ತಿಂಗಳಿಗೆ 16 ಕೋಟಿ ದಾಟುತ್ತದೆ. ಬಡ್ಡಿಯಿಲ್ಲದ ಅಷ್ಟು ದೊಡ್ಡ ಸಾಲವನ್ನು ಉದ್ಯಮಕ್ಕೆ ಕೊಟ್ಟವರು ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳು.

ಹೊಸ ವೇತನ ಸಂಹಿತೆ ಈ ಭಾಗವನ್ನು ಬಿಗಿ ಮಾಡಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ಕೆಲಸ ಬಿಟ್ಟರೂ, ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ವೇತನದ ಬಾಕಿ ಕೊಡಬೇಕು. ಫುಲ್ ಆ್ಯಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ) ಎಂದು ಹೇಳಿಕೊಂಡು ಒಂದೂವರೆ ತಿಂಗಳು ಕಾಯಿಸುವ ವಾಡಿಕೆಗೆ ಇದು ನೇರ ಪೆಟ್ಟು. ಪಾಲಿಸುವಂತೆ ನೋಡಿಕೊಳ್ಳುವವರು ಯಾರು ಎಂಬುದರ ಮೇಲೆ ಮುಂದಿನದು ನಿಂತಿದೆ.

ಪಾಸ್‌ಬುಕ್ಕಿನ ಮೂರು ಅಂಕಣ

ಪಿಎಫ್ ವಿಷಯದಲ್ಲಿ ನಂಬಿಕೆಯ ಅಗತ್ಯವೇ ಕಡಿಮೆ. ಕಣ್ಣಾರೆ ನೋಡಬಹುದು. 15,000 ರೂಪಾಯಿಯ ವೇತನ ಮಿತಿಯ ಲೆಕ್ಕದಲ್ಲಿ ಪಿಎಫ್ ಕಟ್ಟುವ ಕಂಪನಿಯಾದರೆ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಮೂರು ಸಂಖ್ಯೆ ಕಾಣಬೇಕು: ನೌಕರನ ಪಾಲು 1,800, ಮಾಲೀಕರ ಪಾಲು 550, ಪಿಂಚಣಿಗೆ 1,250. ಹಣ ತುಂಬಲು ಮುಂದಿನ ತಿಂಗಳ 15ರ ತನಕ ಸಮಯವಿದೆ. ಪೇಸ್ಲಿಪ್‌ನಲ್ಲಿ 1,800 ಹಿಡಿದಿದ್ದು, ಪಾಸ್‌ಬುಕ್ಕಿನಲ್ಲಿ ಎರಡು ಮೂರು ತಿಂಗಳಿನಿಂದ ಆ ಸಾಲೇ ಇಲ್ಲದಿದ್ದರೆ ಕಂಪನಿ ಉಸಿರುಗಟ್ಟುತ್ತಿದೆ ಎಂದು ತಿಳಿಯಬೇಕು. ಹಣದ ಮುಗ್ಗಟ್ಟು ಬಂದ ಸಂಸ್ಥೆಗಳು ಮೊದಲು ಕೈ ಹಾಕುವುದು ಕೂಡಲೇ ಯಾರ ಗಮನಕ್ಕೂ ಬಾರದ ಇಂಥ ಹಣಕ್ಕೆ.

ನೌಕರನ ಸಂಬಳದಿಂದ ಪಿಎಫ್ ಹಿಡಿದು ಅದನ್ನು ತುಂಬದೆ ಇರುವುದನ್ನು ನಮ್ಮ ದಂಡಸಂಹಿತೆ ಹಿಂದಿನಿಂದಲೂ ಅಪರಾಧ ಎಂದೇ ಕರೆದಿದೆ. ಆ ಅಪರಾಧದ ಹೆಸರು ನಂಬಿಕೆ ದ್ರೋಹ. ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್‌ನಲ್ಲೂ ಈ ವಿವರಣೆ ಹಾಗೇ ಉಳಿದಿದೆ. ಉಂಡ ಮನೆಗೆ ದ್ರೋಹ ಎಂಬ ಮಾತನ್ನು ನೌಕರರಿಗಷ್ಟೇ ಹೇಳಿ ಅಭ್ಯಾಸವಾದ ನಮಗೆ, ಕಾನೂನು ಆ ಪದವನ್ನು ಮಾಲೀಕರ ಕಡೆಗೂ ತಿರುಗಿಸಿದೆ ಎಂಬುದು ಗೊತ್ತಿರಬೇಕು.

ಸಿಟಿಸಿಯೊಳಗೆ ಅಡಗಿದ ಗ್ರಾಚ್ಯುಟಿ

ಆಫರ್ ಲೆಟರ್‌ನಲ್ಲಿ ವರ್ಷಕ್ಕೆ ಇಷ್ಟು ಲಕ್ಷ ಎಂದು ಕಾಣುವ ಮೊತ್ತದೊಳಗೆ, ಅಂದರೆ ಸಿಟಿಸಿಯೊಳಗೆ, ಹಲವು ಕಂಪನಿಗಳು ಗ್ರಾಚ್ಯುಟಿಯನ್ನೂ ಸೇರಿಸುತ್ತವೆ. ಬೇಸಿಕ್‌ನ (ಮೂಲ ವೇತನದ) ಶೇ 4.81 ಎಂಬ ಸಾಲು ಅದೇ. ಕಾಯಂ ನೌಕರ ಐದು ವರ್ಷ ತುಂಬುವ ಮೊದಲು ಬಿಟ್ಟರೆ ಆ ಹಣ ಕೈಗೆ ಬರುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುವವರಿಗೆ, ತೋರಿಸಿದ ಸಂಬಳದ ಈ ತುಣುಕು ಯಾವತ್ತೂ ಸಿಗದ ಸಂಬಳ.

ಸಂಹಿತೆಯಿಂದ ಬಂದ ದೊಡ್ಡ ಬದಲಾವಣೆ ಇಲ್ಲಿದೆ, ಗೊಂದಲವೂ ಇಲ್ಲಿಯೇ ಹೆಚ್ಚು. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಪ್ರಯಾಣ ಭತ್ಯೆ ಮುಂತಾದ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನ ಎಂದೇ ಎಣಿಸಬೇಕು. ತಿಂಗಳಿಗೆ 80,000 ಸಂಬಳವಿದ್ದು ಬೇಸಿಕ್ 24,000 ಮಾತ್ರ ಇಟ್ಟವರನ್ನು ತೆಗೆದುಕೊಳ್ಳೋಣ. ಹಳೆಯ ಲೆಕ್ಕದಲ್ಲಿ ಐದು ವರ್ಷದ ಗ್ರಾಚ್ಯುಟಿ ಸುಮಾರು 69,000. ಹೊಸ ಲೆಕ್ಕದಲ್ಲಿ ವೇತನ 40,000 ಆಗುವುದರಿಂದ ಅದು 1,15,000 ದಾಟುತ್ತದೆ. ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆಯೇ? ಪಿಎಫ್ ಅನ್ನು 15,000ದ ಮಿತಿಯ ಲೆಕ್ಕದಲ್ಲೇ ಕಟ್ಟುತ್ತಿದ್ದರೆ ಆ ಕಾರಣಕ್ಕೆ ಕಡಿಮೆಯಾಗುವುದಿಲ್ಲ ಎಂದು ಕಾರ್ಮಿಕ ಸಚಿವಾಲಯವೇ ಹೇಳಿದೆ. ಆದರೆ ಹೆಚ್ಚಿದ ಗ್ರಾಚ್ಯುಟಿಯ ಹೊರೆಯನ್ನು ಅದೇ ಸಿಟಿಸಿಯೊಳಗೆ ತೂರಿಸುವ ಕಂಪನಿ, ಇನ್ನೊಂದು ಕೈಯಿಂದ ನೌಕರನ ಭತ್ಯೆಯನ್ನೇ ಕತ್ತರಿಸಬಹುದು. ಹೊಸ ಸಂಬಳ ಪಟ್ಟಿ ಬಂದಾಗ ಹಳೆಯದರ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಬೇಕಾದದ್ದು ಇದಕ್ಕೆ.

ನಿಗದಿತ ಅವಧಿಗೆ ನೇಮಕವಾದವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಿಗುವಂತೆ ಮಾಡಿದ್ದು ನಿಜಕ್ಕೂ ಒಳ್ಳೆಯ ಬದಲಾವಣೆ.

ಕಾನೂನಿನ ಕೈ ಮೋಟಾಗುವ ಜಾಗ

ಸಂಬಳ, ಪಿಎಫ್, ಗ್ರಾಚ್ಯುಟಿಗೆ ಜಾಮೀನು ಇದೆ. ಕೆಲಸಕ್ಕೆ? ಮುನ್ನೂರು ಜನರಿಗಿಂತ ಕಡಿಮೆ ಇರುವ ಕಡೆ ಇನ್ನು ಸರ್ಕಾರದ ಅನುಮತಿಯಿಲ್ಲದೆ ತೆಗೆಯಬಹುದು ಎಂಬ ಸುದ್ದಿ ಓದಿ ಐಟಿ ನೌಕರರು ಬೆಚ್ಚಿದ್ದಾರೆ. ಹಿಂದೆ ಈ ಮಿತಿ 100 ಇತ್ತು, ಕೈಗಾರಿಕಾ ಸಂಬಂಧ ಸಂಹಿತೆ ಅದನ್ನು 300ಕ್ಕೆ ಏರಿಸಿದೆ ಎಂಬುದು ನಿಜ. ಆದರೆ ಅನುಮತಿಯ ನಿಯಮ ಹಿಂದೆಯೂ ಈಗಲೂ ಕಾರ್ಖಾನೆ, ಗಣಿ, ಪ್ಲಾಂಟೇಷನ್‌ಗಳಿಗೆ ಮಾತ್ರ. ಆರು ಲಕ್ಷ ಜನರಿರುವ ಸಾಫ್ಟ್‌ವೇರ್ ಕಂಪನಿಗೆ ಅದು ಯಾವತ್ತೂ ಅನ್ವಯಿಸಿರಲಿಲ್ಲ. ಈಗ ಹೋಯಿತು ಎಂದುಕೊಂಡಿರುವ ರಕ್ಷಣೆ ಐಟಿಯವರ ಬಳಿ ಇರಲೇ ಇಲ್ಲ. ಭಯಕ್ಕೆ ನಿಜವಾದ ಕಾರಣವಿರುವುದು ನೂರರಿಂದ ಮುನ್ನೂರು ಜನ ದುಡಿಯುವ ಪೀಣ್ಯದಂಥ ಕಡೆಯ ಕಾರ್ಖಾನೆಗಳಲ್ಲಿ.

ಐಟಿಯವರಿಗೂ ಇರುವ ಹಕ್ಕು ಬೇರೆ. ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವವರನ್ನು ಕೆಲಸದಿಂದ ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಕೋಡ್ ಬರೆಯುವ ಎಂಜಿನಿಯರ್ ತಾಂತ್ರಿಕ ಕೆಲಸ ಮಾಡುವವನಾದ್ದರಿಂದ ಸಂಬಳ ಎಷ್ಟೇ ಇದ್ದರೂ ಈ ವ್ಯಾಖ್ಯೆಗೆ ಸೇರಬಲ್ಲ. ವ್ಯವಸ್ಥಾಪಕ ಹುದ್ದೆಯವನು ಸೇರುವುದಿಲ್ಲ. ಮೇಲ್ವಿಚಾರಣೆ ಮಾಡುವವನು ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಡೆದರೆ ಅವನೂ ಹೊರಗೆ. ಹಾಗಾದರೆ ಹದಿನೈದು ವರ್ಷ ದುಡಿದು ‘ಲೀಡ್’ ಎಂದೋ ‘ಮ್ಯಾನೇಜರ್’ ಎಂದೋ ಹೆಸರು ಪಡೆದವನು ಯಾರು? ನ್ಯಾಯಾಲಯ ಹುದ್ದೆಯ ಹೆಸರನ್ನು ನೋಡುವುದಿಲ್ಲ, ಮಾಡುವ ಕೆಲಸವನ್ನು ನೋಡುತ್ತದೆ. ಅದನ್ನು ಸಾಬೀತು ಮಾಡಲು ವರ್ಷಗಟ್ಟಲೆ ಅಲೆಯಬೇಕು. ಟಿಸಿಎಸ್ ಕಡಿತ ಹೆಚ್ಚಾಗಿ ತಟ್ಟಿದ್ದು ಇಂಥ ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಕಾನೂನು ಅತಿ ಮಂಕಾಗಿರುವ ಜಾಗವೂ ಅದೇ.

ಇನ್ನೊಂದು ದಾರಿ ಇನ್ನೂ ಸುಲಭದ್ದು. ನೌಕರನನ್ನು ಸಣ್ಣ ಮೀಟಿಂಗ್ ರೂಮಿಗೆ ಕರೆಯುತ್ತಾರೆ. ಎಚ್‌ಆರ್ ಕಡೆಯವರು ಇಬ್ಬರಿರುತ್ತಾರೆ. ಟರ್ಮಿನೇಟ್ ಮಾಡಿದರೆ ನಿಮ್ಮ ರೆಕಾರ್ಡ್ ಹಾಳಾಗುತ್ತದೆ, ನೀವೇ ಪೇಪರ್ ಹಾಕಿದರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡುತ್ತೇವೆ ಎನ್ನುತ್ತಾರೆ. ಇವತ್ತೇ ತೀರ್ಮಾನ ಮಾಡಬೇಕು ಎನ್ನುತ್ತಾರೆ. ಐಟಿ ನೌಕರರ ಸಂಘಟನೆಗಳಿಗೆ ವರ್ಷಗಳಿಂದ ಬರುತ್ತಿರುವ ದೂರುಗಳ ತಿರುಳು ಇಷ್ಟೇ. ರಾಜೀನಾಮೆ ಕಳಿಸಿದ ಕ್ಷಣದಲ್ಲಿ ಅದು ಸ್ವಇಚ್ಛೆಯ ನಿರ್ಗಮನವಾಗುತ್ತದೆ. ನೋಟಿಸ್, ಪರಿಹಾರ, ದೂರು ಎಲ್ಲದರ ಬುಡವೇ ಸಡಿಲವಾಗುತ್ತದೆ.

ಸಂಖ್ಯೆಗಳು ಗೊಂದಲ ಹುಟ್ಟಿಸುವುದಕ್ಕೂ ಇದರ ಸಂಬಂಧವಿದೆ. ಟಿಸಿಎಸ್ ಸಿಬ್ಬಂದಿ ಸಂಖ್ಯೆ 2025ರ ಜೂನ್ ಕೊನೆಗೆ 6,13,069 ಇದ್ದದ್ದು ಸೆಪ್ಟೆಂಬರ್ ಕೊನೆಗೆ 5,93,314ಕ್ಕೆ ಇಳಿಯಿತು. ಮೂರು ತಿಂಗಳಲ್ಲಿ 19,755 ಮಂದಿ ಕಡಿಮೆ. ತಾನಾಗಿ ಹೊರಗೆ ಕಳಿಸಿದ್ದು ಸುಮಾರು 6,000 ಮಂದಿಯನ್ನು ಎಂದು ಕಂಪನಿ ಹೇಳಿತು, ಸಂಘಟನೆಗಳು ಒಪ್ಪಲಿಲ್ಲ. ಹೊಸಬರ ಸೇರ್ಪಡೆ, ತಾವಾಗಿ ಬಿಟ್ಟವರು ಎಲ್ಲ ಈ ಲೆಕ್ಕದಲ್ಲಿ ಬೆರೆತಿರುತ್ತಾರೆ. ತಾವಾಗಿ ಬಿಟ್ಟವರಲ್ಲಿ ಬಿಡಿಸಿದವರೆಷ್ಟು ಎಂಬುದು ಹೊರಗಿನವರಿಗೆ ಕಾಣುವುದೇ ಇಲ್ಲ.

ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ ಹೊರಹೋದವರಿಗೆ ಇಷ್ಟೂ ಇರಲಿಲ್ಲ. ಅವರು ಇನ್ನೂ ತರಬೇತಿಯಲ್ಲಿದ್ದವರು. ಮೂರು ಅವಕಾಶದಲ್ಲಿ ಪರೀಕ್ಷೆ ಪಾಸಾಗದಿದ್ದರೆ ಮುಂದುವರಿಸುವುದಿಲ್ಲ ಎಂದು ಕರಾರಿನಲ್ಲೇ ಇದೆ ಎಂದು ಕಂಪನಿ ಹೇಳಿತು. ಹಾಗೆ ಬರೆದದ್ದಿರಬಹುದು. ಆದರೆ ಇವರಲ್ಲಿ ಅನೇಕರು 2022ರಲ್ಲಿ ಆಯ್ಕೆಯಾಗಿ, 2024ರ ಅಕ್ಟೋಬರ್ ತನಕ ಕರೆಗಾಗಿ ಕಾದವರು. ಎರಡು ವರ್ಷ ಕಾಯಿಸಿದ್ದಕ್ಕೆ ಕರಾರಿನಲ್ಲಿ ಬೆಲೆ ಇಲ್ಲ, ಕೆಲವು ತಿಂಗಳಲ್ಲಿ ಪಾಸಾಗದಿದ್ದಕ್ಕೆ ಇದೆ. ನಂಬಿ ಕಾದ ವರ್ಷಗಳು ಯಾವ ಖಾತೆಗೂ ಸೇರಲಿಲ್ಲ.

ಮಾಲೀಕರ ವಾದವೂ ಹಗುರವಲ್ಲ

ಸಾಫ್ಟ್‌ವೇರ್ ಸೇವಾ ಕಂಪನಿಯ ಆದಾಯ ಬರುವುದು ಗ್ರಾಹಕರ ಪ್ರಾಜೆಕ್ಟುಗಳಿಂದ. ಅಮೆರಿಕದ ಒಂದು ಬ್ಯಾಂಕ್ ಗುತ್ತಿಗೆ ಹಿಂತೆಗೆದುಕೊಂಡರೆ ಇಲ್ಲಿ ನೂರಾರು ಜನ ಬೆಂಚಿಗೆ ಬರುತ್ತಾರೆ, ಅಂದರೆ ಪ್ರಾಜೆಕ್ಟಿಲ್ಲದೆ ಕೂರುತ್ತಾರೆ. ಅವರ ಕೌಶಲಕ್ಕೆ ಒಪ್ಪುವ ಇನ್ನೊಂದು ಪ್ರಾಜೆಕ್ಟ್ ಇಲ್ಲದಿದ್ದರೆ ಕಂಪನಿ ಎಷ್ಟು ದಿನ ಸಂಬಳ ಕೊಡಬೇಕು? ತನ್ನ ಕಡಿತಕ್ಕೆ ಎಐ ಕಾರಣವಲ್ಲ, ಕೌಶಲದ ಹೊಂದಾಣಿಕೆ ಇಲ್ಲದಿರುವುದು ಕಾರಣ ಎಂದು ಟಿಸಿಎಸ್ ಹೇಳಿದ್ದು ಈ ಅರ್ಥದಲ್ಲಿ. ಕಾರ್ಖಾನೆಗಳ ವಿಷಯದಲ್ಲಿ, ತೆಗೆಯುವುದು ಕಷ್ಟವಾದಷ್ಟೂ ಮಾಲೀಕರು ಸೇರಿಸಿಕೊಳ್ಳಲು ಹೆದರುತ್ತಾರೆ, ನೂರರ ಗೆರೆ ದಾಟದೆ ಸಣ್ಣದಾಗಿಯೇ ಉಳಿಯುತ್ತಾರೆ ಎಂದು 2018–19ರ ಆರ್ಥಿಕ ಸಮೀಕ್ಷೆ ವಾದಿಸಿತ್ತು. ಇದರಲ್ಲಿ ಹುರುಳಿದೆ. ಕಾಯಂ ನೌಕರರಿಗೆ ಕೊಟ್ಟ ರಕ್ಷಣೆಯಿಂದ ತಪ್ಪಿಸಿಕೊಳ್ಳಲೆಂದೇ ಗುತ್ತಿಗೆ ಪದ್ಧತಿ ಬೆಳೆಯಿತು ಎಂಬುದಕ್ಕೆ ನರಸಾಪುರದಂಥ ಕಾರ್ಖಾನೆಗಳೇ ಸಾಕ್ಷಿ.

ಈ ವಾದ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮಾರುಕಟ್ಟೆ ಬದಲಾದಾಗ ಜನರನ್ನು ಬಿಡುವ ಸ್ವಾತಂತ್ರ್ಯ ಬೇಕೆನ್ನುವ ಕಂಪನಿಗಳೇ ನೌಕರರಿಂದ ನಿಷ್ಠೆ ಕೇಳುತ್ತವೆ. 2022ರಲ್ಲಿ ಮೂನ್‌ಲೈಟಿಂಗ್ (ಗುಟ್ಟಾಗಿ ಎರಡನೇ ಕೆಲಸ) ಮಾಡಿದರೆಂದು ವಿಪ್ರೊ 300 ಜನರನ್ನು ತೆಗೆಯಿತು, ಅದನ್ನು ಮೋಸ ಎಂದೇ ಅದರ ಅಧ್ಯಕ್ಷರು ಕರೆದರು. ಕೆಲವೇ ತಿಂಗಳ ನಂತರ, 2023ರ ಫೆಬ್ರುವರಿಯಲ್ಲಿ, ವರ್ಷಕ್ಕೆ 6.5 ಲಕ್ಷ ಕೊಡುವುದಾಗಿ ಹೇಳಿ ಕಾಯಿಸಿದ್ದ ಹೊಸಬರಿಗೆ 3.5 ಲಕ್ಷಕ್ಕೆ ಬರುತ್ತೀರಾ ಎಂದು ಅದೇ ಕಂಪನಿ ಕೇಳಿತು. ಪರಿಸ್ಥಿತಿ ಬದಲಾಯಿತು ಎಂಬ ಕಾರಣ ಕಂಪನಿಗೆ ಸಲ್ಲುವುದಾದರೆ, ಎರಡನೇ ಸಂಪಾದನೆ ಹುಡುಕಿದ ನೌಕರನಿಗೂ ಅದೇ ಕಾರಣ ಇತ್ತಲ್ಲವೇ?

ಬಾಂಡ್‌ಗಳ ಕಥೆಯೂ ಇದರ ಹತ್ತಿರದ್ದೇ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ಕೊಡಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕಿಗೆ ಮತ್ತೆ ನೇಮಕಾತಿ ನಡೆಸುವ ಖರ್ಚು ಬರುತ್ತದೆ ಎಂಬ ತರ್ಕ ಅರ್ಥವಾಗುವಂಥದ್ದು. ಅರ್ಧದಲ್ಲಿ ಕೈಬಿಟ್ಟ ಕಂಪನಿಯಿಂದ ನೌಕರನಿಗಾಗುವ ಖರ್ಚಿಗೂ ಇಂಥದ್ದೇ ನಿಗದಿತ ಮೊತ್ತ ನೇಮಕಾತಿ ಪತ್ರದಲ್ಲಿ ಇರಬೇಡವೇ?

ಹಿಂದಿನ ನಂಬಿಕೆ ಯಾವುದರ ಮೇಲೆ ನಿಂತಿತ್ತು?

ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾಲದ ಬೆಂಗಳೂರನ್ನು ಕಂಡವರು, ಆಗ ಕಂಪನಿ ತಾಯಿಯಂತೆ ನೋಡಿಕೊಳ್ಳುತ್ತಿತ್ತು ಎನ್ನುತ್ತಾರೆ. ಕಾಲೊನಿ, ಶಾಲೆ, ಆಸ್ಪತ್ರೆ, ಕಾರ್ಖಾನೆಯ ಬಸ್ಸು ಎಲ್ಲ ಇದ್ದದ್ದು ನಿಜ. ಅವುಗಳ ಹಿಂದೆ ಗಟ್ಟಿ ಯೂನಿಯನ್‌ಗಳೂ ಇದ್ದವು. 1980ರ ಡಿಸೆಂಬರ್‌ನಿಂದ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರವನ್ನು ಈ ನಗರ ಕಂಡಿದೆ. ಆಡಳಿತದವರ ಒಳ್ಳೆಯತನವೊಂದರ ಮೇಲೆ ಆ ನಂಬಿಕೆ ನಿಂತಿರಲಿಲ್ಲ, ಕೇಳುವ ಬಲದ ಮೇಲೂ ನಿಂತಿತ್ತು. ಅದೂ ಶಾಶ್ವತವಾಗಿರಲಿಲ್ಲ. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. 2016ರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಗಳನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು.

ಐಟಿ ಬೆಳೆದದ್ದು ಇದಕ್ಕೆ ಬೆನ್ನು ಹಾಕಿ. ಸೇವಾ ನಿಯಮಗಳನ್ನು ಲಿಖಿತವಾಗಿ ದೃಢೀಕರಿಸಿಕೊಳ್ಳಬೇಕೆಂಬ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿಗೆ ವಿನಾಯಿತಿ ಕೊಡುತ್ತಲೇ ಬಂತು. 2014ರಲ್ಲಿ, ಮಾಲೀಕರೂ ನೌಕರರೂ ಸಮನಾಗಿರುವ ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬಂಥ ಷರತ್ತುಗಳನ್ನು ಸೇರಿಸಲಾಯಿತು. 2019ರಲ್ಲಿ, 2024ರಲ್ಲಿ ಮತ್ತೆ ವಿಸ್ತರಣೆಯಾಯಿತು. ತಮ್ಮ ಆಫೀಸಿನ ಕುಂದುಕೊರತೆ ಸಮಿತಿಯಲ್ಲಿ ನೌಕರರ ಕಡೆಯಿಂದ ಯಾರಿದ್ದಾರೆ ಎಂದು ಹೇಳಬಲ್ಲ ಐಟಿ ನೌಕರರು ಎಷ್ಟು ಮಂದಿ ಇದ್ದಾರು? ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಹುಟ್ಟಿದ್ದೇ 2017ರಲ್ಲಿ. ಯೂನಿಯನ್ ಎಂದರೆ ಮುಜುಗರಪಡುತ್ತಿದ್ದವರು ಕಡಿತದ ಸುದ್ದಿ ಬಂದಾಗ ಮಾತ್ರ ಅದರ ನಂಬರು ಹುಡುಕುತ್ತಾರೆ.

ಇದರಿಂದ ಏನಾಗುತ್ತದೆ?

ಕೆಲಸ ನಿಲ್ಲುವ ಖಾತ್ರಿ ಇಲ್ಲ ಎಂದು ಕಂಡವರು ಒಂದೇ ಕಡೆ ಬೇರು ಬಿಡುವುದಿಲ್ಲ. ಒಳ್ಳೆಯ ಆಫರ್ ಬಂದ ಕೂಡಲೇ ಹೊರಡುತ್ತಾರೆ. ಜನ ನಿಲ್ಲುವುದಿಲ್ಲ ಎಂದು ಕಂಪನಿ ತರಬೇತಿಯ ಖರ್ಚು ಕಡಿಮೆ ಮಾಡಿ, ನೋಟಿಸ್ ಪೀರಿಯಡ್ ಅನ್ನು 90 ದಿನಕ್ಕೆ ಎಳೆಯುತ್ತದೆ. ತರಬೇತಿ ಇಲ್ಲದವನ ಕೌಶಲ ಹತ್ತು ವರ್ಷದಲ್ಲಿ ಹಳತಾಗುತ್ತದೆ, ಆಗ ಹೊಂದಾಣಿಕೆ ಇಲ್ಲವೆಂದು ಅವನನ್ನೇ ತೆಗೆಯುತ್ತಾರೆ. ಪೆಟ್ಟು ಹೆಚ್ಚು ಬೀಳುವುದು ನಲವತ್ತು ದಾಟಿದವರಿಗೆ: ಮನೆ ಸಾಲದ ಕಂತು ಇನ್ನೂ ಹತ್ತು ವರ್ಷ, ಮಕ್ಕಳ ಕಾಲೇಜು, ಊರಿನಲ್ಲಿ ವಯಸ್ಸಾದ ತಂದೆತಾಯಿ.

ಹೊಸ ಸಂಹಿತೆಯಲ್ಲಿ ಇದಕ್ಕೆಂದು ಒಂದು ಮುಲಾಮು ಇದೆ. ಕಡಿತಗೊಂಡ ಕಾರ್ಮಿಕನ ಹೆಸರಿನಲ್ಲಿ ಮಾಲೀಕ 15 ದಿನದ ವೇತನವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ತಿಂಗಳಿಗೆ 60,000 ವೇತನದಲ್ಲಿ ಹತ್ತು ವರ್ಷ ದುಡಿದ, ಕಾರ್ಮಿಕ ಎಂಬ ವ್ಯಾಖ್ಯೆಗೆ ಬರುವ ಒಬ್ಬರ ಲೆಕ್ಕ ಹೀಗಾಗುತ್ತದೆ: ಪರಿಹಾರ ಸುಮಾರು 3,00,000, ನೋಟಿಸ್ ಬದಲಿಗೆ 60,000, ಮರುಕೌಶಲಕ್ಕೆ 30,000. ಒಟ್ಟು 3,90,000. ಇದು ಸಿಗುವುದು ಕಂಪನಿ ತೆಗೆದುಹಾಕಿದೆ ಎಂದು ದಾಖಲೆಯಲ್ಲಿದ್ದರೆ. ಬಿಟ್ಟು ಹೋಗುವವರಿಗೂ ಕೆಲವು ತಿಂಗಳ ಸಂಬಳ ಕೊಡುವ ಕಂಪನಿಗಳಿವೆ. ಅದು ಅವರು ಮನಸ್ಸು ಮಾಡಿ ಕೊಡುವ ಮೊತ್ತ, ಕೇಳಿ ಪಡೆಯುವ ಹಕ್ಕಲ್ಲ.

ಮೀಟಿಂಗ್ ರೂಮಿನಲ್ಲಿ ಕೂತವನ ಮುಂದೆ ಇಡುವ ರಾಜೀನಾಮೆ ಪತ್ರದಲ್ಲಿ ಸಾಮಾನ್ಯವಾಗಿ ಎರಡೇ ಸಾಲು ಇರುತ್ತದೆ: ವೈಯಕ್ತಿಕ ಕಾರಣಗಳಿಗಾಗಿ ಕೆಲಸ ಬಿಡುತ್ತಿದ್ದೇನೆ, ಇದುವರೆಗೆ ಕೊಟ್ಟ ಅವಕಾಶಕ್ಕೆ ಧನ್ಯವಾದಗಳು. ಅದಕ್ಕೆ ಅಂದೇ ಸಹಿ ಹಾಕಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನನ್ನನ್ನು ಯಾಕೆ ತೆಗೆಯುತ್ತಿದ್ದೀರಿ ಎಂಬುದನ್ನು ಇಮೇಲ್‌ನಲ್ಲಿ ಬರೆದು ಕಳಿಸಿ ಎಂದು ಕೇಳಿ, ಅವನು ಎದ್ದು ಮನೆಗೆ ಹೋಗಬಹುದು.